ಮುಂದಿನವನು ಕೂಗಬೇಕು

ನಮ್ಮ ಭಾನುವಾರದ ಸೈಕಲ್ ಗುಂಪಿಗೆ ಇದ್ದದ್ದು ಒಂದೇ ಕಟ್ಟಳೆ. ಸಾಲಿನಲ್ಲಿ ಮುಂದೆ ಹೋಗುವವನು ದಾರಿಯಲ್ಲಿ ಕಂಡದ್ದನ್ನು ಕೂಗಿ ಹೇಳಬೇಕು. ಕಲ್ಲಿದ್ದರೆ ಕಲ್ಲು, ಗುಂಡಿಯಿದ್ದರೆ ಗುಂಡಿ, ಎಮ್ಮೆಯಿದ್ದರೆ ಎಮ್ಮೆ. ಹಿಂದಿನವರು ಅದನ್ನು ಕೇಳಿ ಪಕ್ಕಕ್ಕೆ ಸರಿಯಬೇಕು. ಈ ಕಟ್ಟಳೆ ತಂದವರು ನಮ್ಮ ಮನೆಯ ಪಕ್ಕದವರು. ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದೊಳಗೆ ಕಲ್ಲು ಕೊರೆದು, ನಿವೃತ್ತರಾದ ಮೇಲೆ ಕಂಪನಿಯ ಕ್ವಾರ್ಟರ್ಸ್ ಬಿಟ್ಟು ಮಸ್ಕಿಗೆ ಬಂದು ಮನೆ ಕಟ್ಟಿಸಿದ್ದರು. ನನಗಿಂತ ಎಂಟು ವರ್ಷ ಹಿರಿಯರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

"ಒಳಗ ಕತ್ತಲಾಗ ಸಾಲಾಗಿ ಹೋಗ್ತೀವ್ರಿ. ಮುಂದಿನಾಂವ ಕೂಗಬೇಕು. ಕೂಗದಾಂವ ಮುಂದ ನಡೀಬಾರದು, ಅಷ್ಟ" ಎಂದು ಮೊದಲ ದಿನವೇ ಹೇಳಿದ್ದರು.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್. ಸಕ್ಕರೆ ಕಾಯಿಲೆ ಬಂದು, ಡಾಕ್ಟರ್ ಗದರಿಸಿದ ಮೇಲೆ ಗೇರಿನ ಸೈಕಲ್ ಕೊಂಡವನು. ಅಣ್ಣನದು ಪಾಳಿಗೆ ಹೋಗಿಬರುತ್ತಿದ್ದ ಅದೇ ಹಳೆಯ ಕರಿ ಸೈಕಲ್, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ನಾವಿಬ್ಬರು, ಜೊತೆಗೆ ಔಷಧಿ ಅಂಗಡಿಯವರು, ಬ್ಯಾಂಕಿನ ಗುಮಾಸ್ತರು, ಹೀಗೆ ನಾಲ್ಕೈದು ಮಂದಿ. ಯಾವ ಭಾನುವಾರ ಯಾವ ದಾರಿ ಎಂದು ಗೊತ್ತು ಮಾಡುವುದು ನನ್ನ ಹಕ್ಕು. ಮುದಗಲ್ ಕೋಟೆ ಸುತ್ತಿ ಲಿಂಗಸುಗೂರಿಗೆ ಹೋಗಿ ಮಿರ್ಚಿ ಭಜಿ ತಿಂದು ಬರುವುದು ಒಂದು. ಲಿಂಗಸುಗೂರು ದಾಟಿ ಕೃಷ್ಣೆಯ ದಂಡೆಯವರೆಗೆ ಒಂದು. ಸಿಂಧನೂರಿನ ಕಡೆ ಕಾಲುವೆ ದಂಡೆ ಹಿಡಿದು ತುಂಗಭದ್ರೆಯ ಪಕ್ಕದ ಉದ್ಯಾನಕ್ಕೆ ಇನ್ನೊಂದು. ಉದ್ಯಾನವೆಂದರೆ ದೊಡ್ಡದೇನಲ್ಲ, ನಾಲ್ಕು ಸಿಮೆಂಟ್ ಬೆಂಚು, ಸರಪಳಿ ಹರಿದ ಒಂದು ಜೋಕಾಲಿ, ಕೆಳಗೆ ಹೊಳೆ. ಅಣ್ಣನಿಗೆ ಅದೇ ಜಾಗ ಪ್ರಾಣ. ಬೆಂಚಿನ ಮೇಲೆ ಅಂಗಿ ಬಿಚ್ಚಿ ಬಿಸಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದರು. "ಮೂವತ್ತು ವರ್ಷದ ಬಿಸಿಲು ಬಾಕಿ ಐತ್ರಿ ನಂದು" ಎನ್ನುತ್ತಿದ್ದರು.

ಫೋನಿನಲ್ಲಿ ದಾರಿ ನೋಡುವವರನ್ನು ಕಂಡರೆ ನನಗಾಗುವುದಿಲ್ಲ. ಊರೂರಿನ ಹಳೆಯ ನಕಾಶೆ ನನ್ನ ಬಾಯಲ್ಲೇ ಇರುವಾಗ ಅದೇಕೆ ಎಂಬ ಸೊಕ್ಕು. ಆ ಸೊಕ್ಕು ಮುರಿದದ್ದು ಹೋದ ವರ್ಷ, ಭತ್ತದ ಕೊಯ್ಲಿನ ಹೊತ್ತಿಗೆ. ಮಸ್ಕಿಯಿಂದ ಲಿಂಗಸುಗೂರಿಗೆ ಹತ್ತಿರವೆಂದು ನಕಾಶೆಯಲ್ಲಿದ್ದ ಒಂದು ಬಂಡಿದಾರಿಗೆ ಎಲ್ಲರನ್ನೂ ಇಳಿಸಿದೆ. ಅರ್ಧ ದಾರಿಯಲ್ಲಿ ದಾರಿಯೇ ಇಲ್ಲ. ಯಾರೋ ಯಾವಾಗಲೋ ಅದನ್ನು ಉತ್ತು ಹತ್ತಿ ಹಾಕಿದ್ದರು. ಹಿಂದಿನ ದಿನ ಮಳೆ ಬಿದ್ದಿದ್ದ ಎರೆಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್‌ಗಳು ನಿಂತವು. ಎಲ್ಲರೂ ಹೆಗಲ ಮೇಲೆ ಹೊತ್ತು, ಮೊಣಕಾಲವರೆಗೆ ಕೆಸರಾಗಿ, ರಸ್ತೆಗೆ ಬಂದು ಬಿದ್ದೆವು.

ಚಹಾದಂಗಡಿಯಲ್ಲಿ ಅಣ್ಣ ಗಾಲಿಯಿಂದ ಕಡ್ಡಿಯಲ್ಲಿ ಮಣ್ಣು ಕೆತ್ತುತ್ತ, ಅಂಗಡಿಯವನಿಗೂ ಕೇಳುವಂತೆ, "ನಮ್ಮ ಸರ್ವೇ ಸಾಹೇಬ್ರ ನಕಾಶೆದಾಗ ದಾರಿ ಐತ್ರಪ್ಪಾ, ನೆಲದ ಮ್ಯಾಲ ಹತ್ತಿ ಐತಿ. ಊರ ಮಂದಿ ಹೊಲಾನೂ ಇವರು ಹಿಂಗ ಅಳದಾರೋ ಏನೋ!" ಎಂದರು.

ಎಲ್ಲರೂ ನಕ್ಕರು. ಅಂಗಡಿಯವನು ಎಲ್ಲರಿಗಿಂತ ಹೆಚ್ಚು ನಕ್ಕ. ದಿನಾ ಕಾಡುವ ಹಾಗೆಯೇ ಕಾಡಿದ್ದರು, ಅದರಲ್ಲಿ ವಿಷವಿರಲಿಲ್ಲ. ಆದರೆ ನನ್ನ ಕೆಲಸದ ಮೇಲೆ ಬಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ನಾನು ಸಿಟ್ಟಾದರೆ ಬೈಯುವ ಜಾತಿಯಲ್ಲ, ಬಾಯಿ ಹೊಲಿದುಕೊಳ್ಳುವ ಜಾತಿ. ಮನೆಯವರು ಇದನ್ನು ಇಪ್ಪತ್ತೈದು ವರ್ಷ ಸಹಿಸಿದ್ದಾರೆ. ಆ ವಾರವೆಲ್ಲ ಅಣ್ಣ ಕಾಂಪೌಂಡಿನಾಚೆಯಿಂದ ಕರೆದರೂ ಓಗೊಡಲಿಲ್ಲ.

ಮುಂದಿನ ಭಾನುವಾರ ಚಳಿಗೋ ಮದುವೆಗೋ ಉಳಿದವರು ಬರಲಿಲ್ಲ. ನಾವಿಬ್ಬರೇ ಹೊರಟೆವು. ಕಾಲುವೆ ದಾರಿ, ಹೊಳೆಯ ಉದ್ಯಾನ. ನಾನು ಮುಂದೆ, ಅವರು ಹಿಂದೆ. ಬೆಳಕು ಹರಿದಿತ್ತು, ಆದರೆ ನೀರಿನ ಮೇಲಿನ ಮಂಜು ದಾರಿಗೂ ಬಂದಿತ್ತು. ಒಂದು ಗುಂಡಿ ಬಂತು, ನಾನು ಕೂಗಲಿಲ್ಲ. ಒಂದು ನಾಯಿ ಮಲಗಿತ್ತು, ಕೂಗಲಿಲ್ಲ. ಅಣ್ಣ ಹೇಗೋ ತಪ್ಪಿಸಿಕೊಂಡು ಹಿಂದಿನಿಂದ, "ಸಾಹೇಬ್ರು ಇವತ್ತು ಮೌನವ್ರತ ಹಿಡದಾರೇನ್ರಿ?" ಎಂದು ನಕ್ಕರು. ಆ ನಗು ನನ್ನನ್ನು ಇನ್ನಷ್ಟು ಬಿಗಿಯಾಗಿಸಿತು.

ಸಿಂಧನೂರಿನ ಸುತ್ತ ಕೊಯ್ಲಿನ ಕಾಲದಲ್ಲಿ ಡಾಂಬರು ಕಂಡಲ್ಲೆಲ್ಲ ಭತ್ತ ಒಣಹಾಕುತ್ತಾರೆ. ಗಾಡಿ ಹತ್ತದಿರಲೆಂದು ರಾಶಿಯ ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಭತ್ತ ಚೀಲಕ್ಕೆ ತುಂಬಿ ಮನೆಗೆ ಹೋಗುತ್ತದೆ. ಕಲ್ಲುಗಳು ಅಲ್ಲೇ ಉಳಿಯುತ್ತವೆ. ಇದು ಇಲ್ಲಿ ಸೈಕಲ್ ಏರಿದ ಎಲ್ಲರಿಗೂ ಗೊತ್ತು.

ಕಲ್ಲುಗಳ ಸಾಲು ನನಗೆ ಕಂಡಿತು. ಚೆನ್ನಾಗಿ ಕಂಡಿತು. ನಾನು ಬಲಕ್ಕೆ ಸರಿದೆ. ಕೂಗಲು ಬಾಯಿ ತೆರೆದದ್ದೂ ನೆನಪಿದೆ. ಅವರಿಗೆ ಕಣ್ಣಿಲ್ಲವೇ, ನೋಡಿಕೊಳ್ಳಲಿ ಎಂದುಕೊಂಡು ಮುಚ್ಚಿದೆ. ಅದೇನು ಗಳಿಗೆ ಹೊತ್ತಿನ ಮಾತೂ ಅಲ್ಲ, ಒಂದು ಉಸಿರಿನ ಹೊತ್ತು. ಹಿಂದೆ ಕಬ್ಬಿಣ ಬಿದ್ದ ಸದ್ದಾಯಿತು.

ಅಣ್ಣ ಕಾಲುವೆಯ ಕಲ್ಲು ಹಾಸಿನ ಅಂಚಿನಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಚೀರಲಿಲ್ಲ. ನನ್ನ ಮುಖ ನೋಡಿದರು, ಆಮೇಲೆ ಆ ಕಲ್ಲು ನೋಡಿದರು, ಕಣ್ಣು ಮುಚ್ಚಿದರು. ಪಕ್ಕದ ಕ್ಯಾಂಪಿನ, ಅಂದರೆ ಕಾಲುವೆ ನೀರಾವರಿಗೆಂದು ಬಂದು ನೆಲೆಸಿದವರ ಹಳ್ಳಿಯ, ರೈತರು ಓಡಿ ಬಂದು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಸಿಂಧನೂರಿಗೆ ಸಾಗಿಸಿದರು. ದಾರಿಯುದ್ದಕ್ಕೂ ನಾನು ಅವರ ಕೈ ಹಿಡಿದಿದ್ದೆ. ಅವರು ನನ್ನ ಕೈ ಹಿಡಿದಿರಲಿಲ್ಲ.

ಟೊಂಕದ ಎಲುಬು ಮುರಿದಿತ್ತು. ಸಂಜೆಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಮತ್ತು ಮಗಳು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತಿದ್ದರು. ಮಗಳು ನನ್ನ ಕಡೆ ತಿರುಗಿ ಕೇಳಿದಳು: "ಮುಂದ ಯಾರಿದ್ರಿ ಕಾಕಾ?"

"ನಾನ ಇದ್ದೆ ಅವ್ವಾ."

"ಮತ್ತ ಕೂಗಲಿಲ್ಲೇನ್ರಿ?"

ಉತ್ತರ ಬಂದದ್ದು ಮಂಚದಿಂದ. "ಕೂಗಿದ್ರವ್ವಾ. ನನಗ ಕೇಳ್ಸಲಿಲ್ಲ."

ನಾನು ಅಲ್ಲೇ ಇದ್ದೆ. ಇಲ್ಲ, ಕೂಗಲಿಲ್ಲ ಎನ್ನಬಹುದಿತ್ತು. ತಲೆ ತಗ್ಗಿಸಿ ನಿಂತೆ. ವೈನಿ ನಿಟ್ಟುಸಿರು ಬಿಟ್ಟು, "ಮೂವತ್ತು ವರ್ಷ ಆ ಮಷಿನ್ ಸಪ್ಪಳದಾಗ ದುಡದ ಕಿವಿ, ಇನ್ನೇನು ಉಳಿದಿರ್ತೈತಿ" ಎಂದರು. ಎಷ್ಟು ಸುಲಭವಾಗಿ ಎಲ್ಲರೂ ನಂಬಿದರು! ಬೆಳಗಾಗುವಷ್ಟರಲ್ಲಿ ನೆಂಟರಿಷ್ಟರಿಗೆಲ್ಲ ಅದೇ ಸುದ್ದಿ ಹೋಗಿತ್ತು.

ಆಪರೇಷನ್ ಆಯಿತು, ಸರಿಹೋಗಲಿಲ್ಲ. ಕೀವು ತುಂಬಿ ಇನ್ನೊಮ್ಮೆ ಆಯಿತು. ಒಂದು ಕಾಲು ಗಿಡ್ಡವಾಯಿತು. ಈಗ ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು ಹಿಡಿದು ಬಚ್ಚಲಿಗೆ ಹೋಗಿಬರುವುದೇ ಅವರ ಪ್ರಯಾಣ. ಮಂಚ ಇರುವುದು ನಡುಮನೆಯಲ್ಲಿ. ಅಲ್ಲಿ ಹಗಲಲ್ಲೂ ದೀಪ ಬೇಕು. ಮೂವತ್ತು ವರ್ಷ ಕತ್ತಲಲ್ಲಿ ದುಡಿದು ಬಿಸಿಲಿಗೆಂದು ಹೊರಬಂದ ಮನುಷ್ಯನನ್ನು ನಾನು ಮತ್ತೆ ಕತ್ತಲಿಗೆ ಇಳಿಸಿದೆ. ಇದನ್ನು ಬೇರೆ ಯಾವ ರೀತಿಯಲ್ಲಿ ಹೇಳಿಕೊಂಡರೂ ಹಗುರಾಗುವುದಿಲ್ಲ, ನೋಡಿದ್ದೇನೆ.

ಮಗಳು ಅಪ್ಪನ ಕಿವಿಯನ್ನು ಡಾಕ್ಟರಿಗೆ ತೋರಿಸಿದಳು. ವಯಸ್ಸಿಗೆ ತಕ್ಕಷ್ಟು ಕಡಿಮೆಯಾಗಿದೆ, ಬೇಕಿದ್ದರೆ ಯಂತ್ರ ಹಾಕಿಕೊಳ್ಳಲಿ ಎಂದರಂತೆ. ಕಿವಿಯ ಯಂತ್ರ ಮನೆಗೆ ಬಂತು. ಅಣ್ಣ ತಕರಾರಿಲ್ಲದೆ ಹಾಕಿಕೊಂಡರು. ಆದರೂ ಮನೆಯಲ್ಲಿ ಎಲ್ಲರೂ ಅವರ ಹತ್ತಿರ ಗಂಟಲು ಹರಿಯುವಂತೆ ಮಾತಾಡುವ ರೂಢಿಯಾಗಿದೆ. ವೈನಿ ಕಿವಿಯ ಹತ್ತಿರ ಬಾಗಿ "ಚಹಾ!" ಎಂದಾಗ ಅವರ ಕಣ್ಣು ಮಿಟುಕುತ್ತದೆ. ಅದು ಕಿವಿ ನೋಯುವುದಕ್ಕೆ ಎಂದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು.

ನಾನು ಪ್ರತಿ ಭಾನುವಾರ ಸೈಕಲ್ ಇಳಿದವನೇ ಅವರ ಮನೆಗೆ ಹೋಗುತ್ತೇನೆ. "ಇವತ್ತ ಎಲ್ಲಿಗ್ರಿ?" ಎಂದು ಕೇಳುತ್ತಾರೆ. ಮುದಗಲ್ ಎಂದರೆ ಮುದಗಲ್ ದಾರಿಯನ್ನು ತಿರುವು ತಿರುವಾಗಿ ಹೇಳಬೇಕು. ಯಾವ ಹೊಲದಲ್ಲಿ ಏನಿದೆ, ಎಲ್ಲಿ ರಸ್ತೆ ಕಿತ್ತಿದೆ, ಯಾವ ಚಹಾದಂಗಡಿ ಮುಚ್ಚಿದೆ. ಕಣ್ಣು ಮುಚ್ಚಿ ಕೇಳುತ್ತಾರೆ. ಕಾಲುವೆ ದಾರಿಗೆ ಮಾತ್ರ ನಾನು ಹೋಗಿರಲಿಲ್ಲ.

ಮೊನ್ನೆ ಹೋದೆ. ಮತ್ತೆ ಕೊಯ್ಲು, ಮತ್ತೆ ಅದೇ ಕಲ್ಲುಗಳು. ಹೊಳೆಯವರೆಗೆ ಹೋಗಲಾಗಲಿಲ್ಲ; ಹಿಂತಿರುಗಿ ನೇರವಾಗಿ ಅವರ ಮಂಚದ ಪಕ್ಕ ಕೂತೆ. ವೈನಿ ಅಡುಗೆಮನೆಯಲ್ಲಿದ್ದರು.

"ಅಣ್ಣ, ಅವತ್ತು ನಾ ಕೂಗಲಿಲ್ರಿ" ಎಂದು ದನಿ ತಗ್ಗಿಸಿ ಹೇಳಿದೆ.

ಅವರು ಕಿವಿಯಿಂದ ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. "ನನಗ ಗೊತ್ತಿಲ್ಲೇನ್ರಿ? ಮುಂದಿನಾಂವನ ದನಿ ಮ್ಯಾಲೇ ಜೀವ ಉಳಿಸ್ಕೊಂಡು ಬಂದಾಂವ ನಾ."

"ಮತ್ತ ಆಸ್ಪತ್ರ್ಯಾಗ ಯಾಕ ಹಂಗ ಹೇಳಿದ್ರಿ?"

"ಖರೇ ಹೇಳಿದ್ರ ನನ್ನ ಮಗಳು ನಿಮಗ ಈ ಹೊಸ್ತಿಲ ತುಳೀಗೊಡ್ತಿದ್ದಿಲ್ಲ."

"ಮಾಫ್ ಮಾಡ್ರಿ ಅಣ್ಣ."

"ಮಾಫ್ ಮಾಡಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಸುಳ್ಳ ಯಾಕ ಹೇಳ್ಲಿ. ಟೊಂಕ ಕಡದಾಗೊಮ್ಮೆ ನಿಮಗ ಬೈತೀನಿ. ಆದ್ರ ನೀವು ಬರೂದು ಬಿಟ್ರ ನನಗ ದಾರಿ ಹೇಳಾವ್ರು ಯಾರದಾರ? ಉಳದಾವ್ರು ಬಾಳೆಹಣ್ಣು ಇಟ್ಟು ಹೋಗ್ತಾರ. ನಿಮ್ಮ ವೈನಿಗೂ ಹೇಳಬ್ಯಾಡ್ರಿ, ಮಗಳಿಗೂ ಹೇಳಬ್ಯಾಡ್ರಿ."

ಕ್ಷಮಿಸಿದ್ದರೆ ನಾನು ಅತ್ತು ಹಗುರಾಗಿ ಎದ್ದು ಬರುತ್ತಿದ್ದೆನೇನೋ. ಅವರು ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ದಿಂಬಿಗೆ ಒರಗಿ ಕಣ್ಣು ಮುಚ್ಚಿದರು.

"ಇವತ್ತ ಎಲ್ಲಿಗೆ ಹೋಗಿದ್ರಿ?"

"ಕಾಲುವೆ ದಾರಿಗ್ರಿ."

"ಹೇಳ್ರಿ."

ಹೇಳಿದೆ. ಸೇತುವೆ, ಕ್ಯಾಂಪು, ನೀರಿನ ಮಂಜು, ಹರವಿದ ಭತ್ತ. ಆ ಜಾಗ ಬಂದಾಗ "ಅಲ್ಲಿ ಕಲ್ಲು ಅದಾವ್ರಿ" ಎಂದೆ.

"ಹಂಗಲ್ರಿ. ಮುಂದ ನೀವದೀರಿ, ಹಿಂದ ನಾ ಬರಾಕತ್ತೀನಿ. ಕೂಗ್ರಿ."

ನಾನು ಬಾಯಿ ತೆರೆದೆ. "ಕಲ್ಲು" ಎಂಬ ಎರಡಕ್ಷರ ಉಸಿರಿನಂತೆ ಹೊರಬಂತು.

ಅಡುಗೆಮನೆಯಿಂದ ವೈನಿ, "ಜೋರಾಗಿ ಹೇಳ್ರಿ, ಅವರಿಗೆ ಕೇಳ್ಸಂಗಿಲ್ಲ" ಎಂದರು.