ಮೂಗಿನ ಎಣ್ಣೆಯ ಹದ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಮಾರು ಆರು ತಿಂಗಳು ನಾನು ವಾಸನೆಯ ವಿಷಯದಲ್ಲಿ ಸುಳ್ಳು ಹೇಳಿಕೊಂಡು ಬದುಕಿದವನು. ಅದು ಎಷ್ಟು ಸುಲಭ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಕಣ್ಣು ಮಂಜಾದರೆ ಬಸ್ಸಿನ ಬೋರ್ಡು ನಮ್ಮ ಮಾನ ಕಳೆಯುತ್ತದೆ. ಕಿವಿ ಮಂದವಾದರೆ ಮನೆಯವರು ಹಿಂದಿನಿಂದ ಕರೆದು ಕಂಡುಹಿಡಿಯುತ್ತಾರೆ. ಮೂಗಿಗೆ ಅಂಥ ಪರೀಕ್ಷೆಯೇ ಇಲ್ಲ. ಊಟಕ್ಕೆ ಕೂತಾಗ ಪಕ್ಕದವರ ಮುಖ ನೋಡುತ್ತಿದ್ದರೆ ಸಾಕು. ಅವರ ಹುಬ್ಬು ಮೇಲೆ ಹೋದರೆ ‘ಆಹಾ, ಇಂಗಿನ ಒಗ್ಗರಣೆ’ ಎನ್ನಬೇಕು. ಮೂಗು ಸೊಟ್ಟಗಾದರೆ ‘ಎಂತದೋ ಹಳಸಿದ ಹಾಗಿದೆ’ ಎನ್ನಬೇಕು. ನಾನು ಸಿಕ್ಕಿಬಿದ್ದದ್ದು ಬಹಳ ಕಡಿಮೆ.

ನಾನು ಕರ್ಕಿಯಿಂದ ಕುಮಟೆಗೆ ದಿನಾ ಬೈಕಿನಲ್ಲಿ ಹೋಗಿಬರುವ ಗುಮಾಸ್ತ. ದಾರಿಯಲ್ಲಿ ಹೆದ್ದಾರಿ ಅಗಲ ಮಾಡುವ ಕೆಂಪು ಧೂಳು, ಕಚೇರಿಯಲ್ಲಿ ನನ್ನ ನೆತ್ತಿಗೇ ಗುರಿಯಿಟ್ಟ ಏಸಿ. ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಮನೆ, ಬೆವರಿಗೆ ಅಂಗಿ ಮೈಗೆ ಅಂಟಿಕೊಂಡಿರುತ್ತದೆ, ಆದರೂ ಮೂಗಿನ ಒಳಗೆ ಮಾತ್ರ ಬೇಸಿಗೆಯ ಗದ್ದೆಯ ಹಾಗೆ ಬಿರುಕು. ಹಣೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟ ಭಾರ. ಕುಮಟೆಯ ಡಾಕ್ಟರು ಸೈನಸ್ ಎಂದರು, ಔಷಧಿ ಬರೆದರು, ವಾಸನೆ ಗೊತ್ತಾಗುತ್ತದಾ ಅಂತ ಕೇಳಿದರು. ನಾನು ಸ್ವಲ್ಪವೂ ತಡವರಿಸದೆ ಗೊತ್ತಾಗುತ್ತದೆ ಎಂದೆ. ಡಾಕ್ಟರ ಮುಂದೆ ಫೇಲಾಗುವುದು ಅವಮಾನ ಎಂಬ ಭಾವನೆ ಕೆಲವರಿಗೆ ಶಾಲೆ ಬಿಟ್ಟು ಮೂವತ್ತು ವರ್ಷವಾದರೂ ಹೋಗುವುದಿಲ್ಲ.

ಒಂದು ಬೆಳಗ್ಗೆ ನನ್ನ ಹೆಂಡತಿ ವಿಜಯಾ ಹಾಲು ಒಲೆಯ ಮೇಲಿಟ್ಟು, ನೋಡಿಕೊಳ್ಳಿ ಎಂದು ಹೇಳಿ ಬಾವಿಕಟ್ಟೆಗೆ ಹೋದಳು. ನಾನು ಪೇಪರು ಓದುತ್ತ ಅಡುಗೆಮನೆಯಲ್ಲೇ ಕೂತಿದ್ದೆ. ಹಾಲು ಉಕ್ಕಿ ಬೆಂಕಿ ನಂದಿತು, ಗ್ಯಾಸು ಬರುತ್ತಲೇ ಇತ್ತು. ಅವಳು ಹಿತ್ತಲ ಬಾಗಿಲಿಗೆ ಬರುವಾಗಲೇ ಸೆರಗು ಮೂಗಿಗೆ ಹಿಡಿದಿದ್ದಳು. ಗ್ಯಾಸು ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆರೆದಳು. ಬೈಯಲಿಲ್ಲ. ಬೈದಿದ್ದರೆ ನಾನು ಒಂದು ಕತೆ ಹೊಂದಿಸುತ್ತಿದ್ದೆ. ಆ ಭಾನುವಾರ ನನ್ನನ್ನು ಶಿರಾಲಿಗೆ, ದೊಡ್ಡಾಯಿಯ ಮನೆಗೆ ಕರೆದುಕೊಂಡು ಹೋದಳು.

ದೊಡ್ಡಾಯಿ ನನ್ನ ಆಯಿಯ, ಅಂದರೆ ಅಮ್ಮನ, ಅಕ್ಕ. ನನಗೆ ಮಾತು ಕಲಿಸಿದವರಲ್ಲಿ ಮೊದಲಿನವಳು. ಅವಳು ಕಾಸುವ ಮೂಗಿನ ಎಣ್ಣೆಗೆ ಭಟ್ಕಳದಿಂದಲೂ ಜನ ಬರುತ್ತಾರೆ. ಎಳ್ಳೆಣ್ಣೆ, ಆಡಿನ ಹಾಲು, ಜ್ಯೇಷ್ಠಮಧು, ಲಾವಂಚ, ಇನ್ನು ಹೇಳಿಕೊಡದ ಎರಡು ಬೇರು. ಮೂಗು ತಲೆಯ ಬಾಗಿಲು ಅಂತ ವೈದ್ಯಶಾಸ್ತ್ರ ಬರೆದಿಟ್ಟದ್ದನ್ನು ಅವಳು ಓದಿದವಳಲ್ಲ. ಆದರೆ ಮೈಗೆ ಹಚ್ಚುವ ಎಣ್ಣೆಗೆ ಗಟ್ಟಿ ಹದ, ಮೂಗಿಗೆ ಬಿಡುವ ಎಣ್ಣೆಗೆ ಮೆತ್ತಗಿನ ಹದ ಎಂಬುದು ಅವಳಿಗೆ ಗೊತ್ತು. ಪುಸ್ತಕವೂ ಅದನ್ನೇ ಹೇಳುತ್ತದೆ ಎಂದು ನಾನು ಆಮೇಲೆ ನೋಡಿ ತಿಳಿದೆ. ಹೇಳಿದಾಗ, ಪುಸ್ತಕದವರು ಯಾರ ಮನೆಯಲ್ಲಿ ಕೇಳಿಕೊಂಡು ಹೋಗಿದ್ದರೋ ಎಂದಳು.

ಎಣ್ಣೆ ಬಿಡುವ ಕ್ರಮವೂ ಸಣ್ಣದಲ್ಲ. ಹಣೆಗೆ, ಕೆನ್ನೆಗೆ ಎಣ್ಣೆ ತಿಕ್ಕಿ ಬಿಸಿ ಬಟ್ಟೆಯ ಶಾಖ ಕೊಡಬೇಕು. ಮಂಚದ ಅಂಚಿಗೆ ತಲೆ ಇಳಿಬಿಟ್ಟು ಮಲಗಬೇಕು. ಉಗುರುಬೆಚ್ಚಗಿನ ಎಣ್ಣೆ ಆಚೆ ಎರಡು, ಈಚೆ ಎರಡು ಹನಿ. ಗಂಟಲಿಗೆ ಇಳಿದದ್ದನ್ನು ನುಂಗದೆ ಉಗುಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟು ಹೊತ್ತೂ ಮಾತಾಡಬಾರದು. ಕಣ್ಣಲ್ಲಿ ನೀರು ಸುರಿಸಿಕೊಂಡು, ಲೋಕವನ್ನು ತಲೆಕೆಳಗಾಗಿ ನೋಡುತ್ತ, ನಾನು ತುಟಿ ಹೊಲಿದವನ ಹಾಗೆ ಬಿದ್ದಿರುತ್ತಿದ್ದೆ. ಮೂಗು ಸರಿಯಾಗದಿದ್ದರೂ ಅಡ್ಡಿಲ್ಲೆ, ಈ ಎಣ್ಣೆ ದಿನಾ ಬಿಡುವ ಎಂದು ವಿಜಯಾ ದೊಡ್ಡಾಯಿಗೆ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿತು. ಉತ್ತರ ಬಾಯಿತನಕ ಬಂದು ಅಲ್ಲೇ ನಿಂತಿತು.

ಒಂದು ಸೀಸೆ ಮನೆಗೆ ತಂದು ವಿಜಯಾ ದಿನಾ ಬಿಟ್ಟಳು. ಎರಡು ವಾರದಲ್ಲಿ ಒಣಗುವುದು ಕಡಿಮೆಯಾಯಿತು, ಹಣೆ ಹಗುರಾಯಿತು. ವಾಸನೆ ಮಾತ್ರ ಬರಲಿಲ್ಲ. ಬಂತು ಎಂದೆ. ಇಷ್ಟೆಲ್ಲ ಮಾಡಿದವರನ್ನು ನಿರಾಸೆ ಮಾಡುವುದು ಹೇಗೆ? ಆಗ ದೊಡ್ಡಾಯಿ ಹೊಸ ಕೆಲಸ ಹಚ್ಚಿದಳು. ತನ್ನ ಮೂಗಿಗೆ ವಯಸ್ಸಾಯಿತು, ಹದ ಸರಿಯಾಗಿ ತಿಳಿಯುವುದಿಲ್ಲ, ನೀನು ಭಾನುವಾರ ಬಂದು ವಾಸನೆ ನೋಡಿ ಹೇಳು ಅಂದಳು. ಹೊಗೆಗೆ ಸೆರಗನ್ನು ಕಣ್ಣಿನ ಕೆಳಗಿನ ತನಕ ಕಟ್ಟಿಕೊಂಡಿದ್ದಳಾದ್ದರಿಂದ ಮುಖ ನೋಡಿ ಹೇಳುವ ನನ್ನ ವಿದ್ಯೆ ಅಲ್ಲಿ ನಡೆಯುವಂತಿರಲಿಲ್ಲ. ಆದರೂ ಮೊದಲ ಭಾನುವಾರ ಪಾತ್ರೆಗೆ ಬಗ್ಗಿ, ಕಣ್ಣು ಮುಚ್ಚಿ, ‘ಲಾವಂಚ ಘಮ್ ಅನ್ನುತ್ತಿದೆ’ ಎಂದೆ. ಅವಳು ತಲೆಯಾಡಿಸಿ ಸೌಟು ತಿರುವಿದಳು.

ಮರುವಾರ ಹೋದಾಗ ಜಗಲಿಯಲ್ಲಿ ಭಟ್ಕಳದ ಒಬ್ಬ ಹೊಲಿಗೆ ಟೀಚರು ಖಾಲಿ ಸೀಸೆ ಹಿಡಿದು ಕೂತಿದ್ದರು. ಆರು ವರ್ಷದಿಂದ ಅವರಿಗೆ ಈ ಎಣ್ಣೆಯೇ. ಒಳಗೆ ಎಣ್ಣೆ ನೊರೆಯೇಳುತ್ತಿತ್ತು. ದೊಡ್ಡಾಯಿ ಪಾತ್ರೆಯ ಎರಡೂ ಬದಿಗೆ ಬಟ್ಟೆ ಹಿಡಿದು ನನ್ನ ಕಡೆ ನೋಡಿದಳು.

“ಹೇಳು ತಮಾ. ನೀ ಹೇಳಿದ ಕೂಡಲೇ ಇಳಿಸ್ತೆ.”

ಸುಳ್ಳು ಹೇಳಿ ರೂಢಿಯಾದವನಿಗೂ ಒಮ್ಮೊಮ್ಮೆ ನಾಲಿಗೆ ಕೈಕೊಡುತ್ತದೆ. ಹಾಲು ಉಕ್ಕಿದಾಗ ಮನೆಯಲ್ಲಿದ್ದವರು ನಾವಿಬ್ಬರೇ, ಗಂಡಹೆಂಡತಿ. ಈ ಎಣ್ಣೆ ಹೋಗುವುದು ಹೊರಗಿನವರ ಮೂಗಿಗೆ. ಹದ ತಪ್ಪಿದರೆ ಕೆಡುವುದು ದೊಡ್ಡಾಯಿಯ ಹೆಸರು. ಬೆಂಕಿ ನನಗಾಗಿ ಕಾಯುವಂತೆಯೂ ಇರಲಿಲ್ಲ.

“ದೊಡ್ಡಾಯಿ, ನಂಗೆ ಎಂತದೂ ವಾಸನೆ ಬತ್ತಿಲ್ಲೆ. ಆರು ತಿಂಗಳಾತು.”

ಅವಳು ಒಂದು ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಬೆಂಕಿಗೆ ಹಿಡಿದಳು. ಚಟಚಟ ಸದ್ದಿಲ್ಲದೆ ಅದು ಸುಮ್ಮನೆ ಉರಿಯಿತು. ನೀರಿನ ಅಂಶ ಹೋಗಿದೆ ಎಂದು ಅರ್ಥ. ಪಾತ್ರೆ ಕೆಳಗಿಳಿಸಿ ಸೆರಗು ಬಿಚ್ಚಿದಳು.

“ಹದ ಕಿವಿಗೆ ಗೊತ್ತಾಗ್ತು, ಮೂಗು ಎಂತಕ್ಕೆ? ಹೋದ ವಾರದ ಎಣ್ಣೆಗೆ ಲಾವಂಚ ಹಾಕಿದ್ದೇ ಇಲ್ಲೆ. ನೀ ಘಮ್ ಅಂದೆ.”

ವಿಜಯಾ ಬಾಗಿಲಲ್ಲಿ ನಿಂತು ನಗು ತಡೆದುಕೊಳ್ಳುತ್ತಿದ್ದಳು. ಇಬ್ಬರದೂ ಒಂದೇ ಪಕ್ಷ ಎಂಬುದು ಆಗ ಹೊಳೆಯಿತು. ದೊಡ್ಡಾಯಿ ಮಾತ್ರ ನಗಲಿಲ್ಲ. “ನನ್ನ ಎಣ್ಣೆ ಮೂಗು ಒಣಗಿದ್ದಕ್ಕೆ. ವಾಸನೆ ಹೋದದ್ದಕ್ಕೆ ಬೇರೆ ಕಾರಣ ಇದ್ದಿಕ್ಕು. ಆ ಡಾಕ್ಟರಿಗೆ ನಿಜ ಹೇಳು. ಒಳಗೆ ನೋಡಲೆ ಅವರ ಹತ್ರ ದೀಪ ಇದ್ದು, ನನ್ನ ಹತ್ರ ಇಲ್ಲೆ.”

ಮಾರನೇ ದಿನವೇ ಕುಮಟೆಗೆ ಹೋಗಿ ನಿಜ ಹೇಳಿದೆ. ಡಾಕ್ಟರು ಸಣ್ಣ ನಳಿಗೆ ಹಾಕಿ ನೋಡಿ, ಮೇಲಿನ ದಾರಿ ಬಾತು ಮುಚ್ಚಿಕೊಂಡಿದೆ, ಮೊದಲ ದಿನವೇ ಹೇಳಬಾರದಿತ್ತೇ ಎಂದರು. ಔಷಧಿ ಬದಲಿಸಿದರು. ಎಣ್ಣೆಯನ್ನು ಸದ್ಯ ನಿಲ್ಲಿಸಿ, ಬಾವು ಇಳಿದ ಮೇಲೆ ಒಣಗಿದರೆ ಒಂದೆರಡು ಹನಿ ಸಾಕು ಅಂದರು. ದೊಡ್ಡಾಯಿಗೆ ಇದನ್ನು ವರದಿ ಮಾಡಿದಾಗ, ಒಳ್ಳೇ ಮನುಷ್ಯ ಎಂದು ಡಾಕ್ಟರಿಗೆ ಸರ್ಟಿಫಿಕೇಟು ಕೊಟ್ಟಳು.

ತಿಂಗಳ ಮೇಲೆ ಒಂದು ಬೆಳಗ್ಗೆ ವಾಸನೆ ಮರಳಿ ಬಂತು. ಮಲ್ಲಿಗೆಯೋ ಕಾಫಿಯೋ ಮೊದಲು ಬಂದಿದ್ದರೆ ಬರೆಯಲಿಕ್ಕೆ ಚೆನ್ನಾಗಿರುತ್ತಿತ್ತು. ಬಂದದ್ದು ನನ್ನ ಹೆಲ್ಮೆಟ್ಟಿನದು. ತಲೆಗೆ ಹಾಕಿದವನು ಹಾಗೇ ತೆಗೆದು ಅಂಗಳದ ಕಲ್ಲಿನ ಮೇಲಿಟ್ಟೆ. ಎರಡು ಮಳೆಗಾಲದ ಬೆವರು, ತೆಂಗಿನೆಣ್ಣೆ, ಬೂಸಲು, ಎಲ್ಲ ಒಟ್ಟಿಗೆ. ಇದು ಎಷ್ಟು ದಿನದಿಂದ ಹೀಗಿದೆ ಎಂದು ವಿಜಯಾಳನ್ನು ಕೇಳಿದೆ.

“ಮಳೆಗಾಲದಿಂದ,” ಅಂದಳು. “ನಂಗೂ ಎಂತದೂ ವಾಸನೆ ಬತ್ತಿಲ್ಲೆ ಅಂದ್ಕಂಡು ಬೈಕಿನ ಹಿಂದೆ ಕೂತಿದ್ದೆ.”