ಐದನೇ ದಿನ ಬರೆಯದ ಚೀಟಿ

1979ರಲ್ಲಿ ನಾನು ಚಾಮರಾಜಪೇಟೆ ಆಸುಪಾಸಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯ ಹೆಸರು ಬೇಡ. ಈಗ ಹೇಳಹೊರಟಿರುವ ತಪ್ಪು ಆಸ್ಪತ್ರೆಯದಲ್ಲ, ನನ್ನದು. ಅದನ್ನು ಮಾಡುವಾಗ ನನಗೆ ತಪ್ಪು ಅನ್ನಿಸಿರಲಿಲ್ಲ, ಹಬ್ಬದೂಟ ಉಂಡಷ್ಟು ತೃಪ್ತಿಯಾಗಿತ್ತು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಜುಲೈ ತಿಂಗಳಲ್ಲಿ ಎನ್.ಆರ್. ಕಾಲೋನಿಯ ಒಂದು ಮನೆಯಿಂದ ಕರೆ ಬಂತು. ಯಜಮಾನರು ವೆಂಕಟರಮಣಯ್ಯ, ನಿವೃತ್ತ ಅಧಿಕಾರಿ. ಮನೆಯಲ್ಲಿ ಅವರೂ ಅವರ ವಿಧವೆ ತಂಗಿ ಸೀತಮ್ಮನವರೂ ಇಬ್ಬರೇ. ಜೊತೆಗೆ ಜಿಮ್ಮಿ ಎಂಬ ಎರಡು ವರ್ಷದ ಫಾಕ್ಸ್ ಟೆರಿಯರ್. ಊರು ಬಿಟ್ಟು ಹೋಗುತ್ತಿದ್ದ ಸ್ನೇಹಿತರೊಬ್ಬರು ಕೊಟ್ಟು ಹೋದ ನಾಯಿ.

ನಾನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಗೇಟಿಗೆ ಕೈ ಹಾಕಿದ್ದೆ. ಯಜಮಾನರು ಜಗುಲಿಯಿಂದಲೇ ವಿಚಾರಣೆಗೆ ಶುರುವಿಟ್ಟುಕೊಂಡರು. ನಿಮ್ಮದು ಯಾವ ಕಡೆ, ತಂದೆಯವರು ಏನು ಮಾಡುತ್ತಾರೆ, ಎಲ್ಲಾ ಆಯಿತು. ನಾನು ಮುಚ್ಚುಮರೆ ಮಾಡುವವನಲ್ಲ. ನಮ್ಮಪ್ಪ ನಗರದ ಸಫಾಯಿ ಕೆಲಸದಲ್ಲಿದ್ದವರು, ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ ಎಂದೆ. ಅವರ ಮುಖ ಒಂದಿಷ್ಟೂ ಬದಲಾಗಲಿಲ್ಲ. ಬಹಳ ಮರ್ಯಾದೆಯಿಂದಲೇ ಹೇಳಿದರು:

"ಹಾಗಾದ್ರೆ ಡಾಕ್ಟ್ರೇ, ಹಿಂದ್ಗಡೆ ಓಣಿಯಿಂದ ಬಂದ್ಬಿಡಿ. ನಾಯೀನ ಅಲ್ಲಿಗೇ ಕಳಿಸ್ತೀನಿ."

ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತಿತ್ತು, ಕಕ್ಕಸು ಬಳಿಯುವವರು ಓಡಾಡಲಿ ಅಂತ. ನಮ್ಮಪ್ಪ ಬಕೆಟ್ಟು ಹಿಡಿದು ಸವೆಸಿದ ಓಣಿಗಳು ಅವು. ಮಗ ಬಿ.ವಿ.ಎಸ್ಸಿ. ಪದವಿ ಪಡೆದು, ಸ್ಟೆತಸ್ಕೋಪು ಹಿಡಿದು ಅದೇ ಓಣಿಯಲ್ಲಿ ಬರಬೇಕಂತೆ! ಬಂದೆ ಕೂಡ, ಅದೇ ನನ್ನ ಹೊಟ್ಟೆ ಉರಿಸುವ ವಿಷಯ. ಹೊಸ ನೌಕರಿ, ಮೇಲಿನವರಿಗೆ ದೂರು ಹೋದೀತು ಎಂಬ ಭಯ. ಹಿತ್ತಿಲಲ್ಲಿ ನಿಂತು ನೋಡುತ್ತೇನೆ, ಜಿಮ್ಮಿ ನಡುಮನೆಯ ಬೆತ್ತದ ಕುರ್ಚಿಯಿಂದ ಇಳಿದು, ದೇವರ ಮನೆಯ ಮುಂದೆಯೇ ಹಾದು ಬರುತ್ತಿದೆ. ನಾಯಿಗೆ ಒಳಗೆ ಕುರ್ಚಿ, ಡಾಕ್ಟರಿಗೆ ಹಿತ್ತಿಲು. ಇರಲಿ ಮಗನೇ, ನನಗೂ ಒಂದು ದಿನ ಬರುತ್ತೆ ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ನಾಯಿಗೆ ಕಾಯಿಲೆ ಏನೂ ಇರಲಿಲ್ಲ. ಮೊಸರನ್ನ ತಿಂದು, ಹಗಲೆಲ್ಲ ಸರಪಳಿಯಲ್ಲಿದ್ದು ತಲೆ ಕೆಟ್ಟಿತ್ತು, ಅಷ್ಟೆ. ತನ್ನ ಕಾಲನ್ನೇ ಕಚ್ಚಿಕೊಂಡು ಗಾಯ ಮಾಡಿಕೊಂಡಿತ್ತು. ಟೆರಿಯರ್ ಮುದ್ದಿನ ಗೊಂಬೆಯಲ್ಲ. ಬಿಲಕ್ಕೆ ನುಗ್ಗಿ ನರಿಯನ್ನು ಹೊರಗೆಬ್ಬಿಸಲೆಂದೇ ತಲೆತಲಾಂತರದಿಂದ ಬೆಳೆಸಿದ ದುಡಿಯುವ ಜಾತಿ. ಎನ್.ಆರ್. ಕಾಲೋನಿಯಲ್ಲಿ ನರಿ ಎಲ್ಲಿ ತರೋಣ? ಆದರೆ ಚರಂಡಿ ತುಂಬ ಹೆಗ್ಗಣಗಳಿದ್ದವು. ದಿನಾ ಬೆಳಿಗ್ಗೆ ಒಂದು ಗಂಟೆ ಓಣಿಯಲ್ಲಿ ಬಿಡಿ, ಹೆಗ್ಗಣ ಹಿಡಿಯಲಿ, ಊಟಕ್ಕೆ ಮೊಟ್ಟೆ ಸೇರಿಸಿ ಎಂದೆ.

"ಮೊಟ್ಟೇನಾ? ಈ ಮನೇಲಾ?" ಎಂದು ಯಜಮಾನರು ಒಳಗೆ ಹೋದರು. ಸೀತಮ್ಮನವರು ಮಾತ್ರ ಬಚ್ಚಲ ಬಾಗಿಲಲ್ಲಿ ನಿಂತು, ಎಷ್ಟು ಹೊತ್ತು ಬಿಡಬೇಕು, ಹೆಗ್ಗಣ ಕಚ್ಚಿದರೆ ಏನು ಹಚ್ಚಬೇಕು ಎಂದೆಲ್ಲ ಕೇಳಿಕೊಂಡರು. ಐವತ್ತು ದಾಟಿದ ಹೆಂಗಸು, ಮೆಲುದನಿ. ಅವರ ಮುಖವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ನನ್ನ ಕಣ್ಣೆಲ್ಲ ಒಳಗೆ ಹೋದ ಆ ಬೆನ್ನಿನ ಮೇಲೆ.

ಎರಡು ತಿಂಗಳು ಕಳೆದು ಪಿತೃಪಕ್ಷ ಬಂತು. ಒಂದು ಮಧ್ಯಾಹ್ನ ವೆಂಕಟರಮಣಯ್ಯನವರು ಜಿಮ್ಮಿಯನ್ನು ಗೋಣಿಚೀಲದಲ್ಲಿ ಕಟ್ಟಿ, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದರು. ಅವರ ಬಲಗೈಗೆ ಬಟ್ಟೆ ಸುತ್ತಿತ್ತು.

"ಹುಚ್ಚು ಹಿಡಿದಿದೆ. ಕಚ್ಚಿಬಿಡ್ತು. ಇವತ್ತೇ ಮುಗಿಸಿಬಿಡಿ," ಎಂದರು.

ಅವರ ಮಾತಿನಿಂದ ನನಗೆ ತಿಳಿದದ್ದು ಇಷ್ಟು. ಅವತ್ತು ಮನೆಯಲ್ಲಿ ಅವರ ತಂದೆಯ ವೈದಿಕ. ಹಿತ್ತಿಲಲ್ಲಿ ಮಡಿಯಲ್ಲಿ ಅಡುಗೆ ನಡೆದಿತ್ತು. ಜಿಮ್ಮಿ ಸರಪಳಿ ಬಿಡಿಸಿಕೊಂಡು, ಸೌದೆ ರಾಶಿಯೊಳಗೆ ನುಗ್ಗಿ, ಒಂದು ಹೆಗ್ಗಣವನ್ನು ಹಿಡಿದು ಒಲೆಯ ಪಕ್ಕದಲ್ಲೇ ಝಾಡಿಸಿತ್ತು. ರಕ್ತ ಚೆಲ್ಲಿ ಮಡಿ ಕೆಟ್ಟಿತು, ಅಡುಗೆಯೆಲ್ಲ ಮತ್ತೆ ಆಗಬೇಕಾಯಿತು. ಯಜಮಾನರು ಸೌದೆ ತುಂಡು ತೆಗೆದುಕೊಂಡು ಬಾರಿಸಿದರು. ಬೇಟೆ ಬಾಯಲ್ಲಿರುವ ಟೆರಿಯರನ್ನು ಹೊಡೆದು, ಅದನ್ನು ಕಿತ್ತುಕೊಳ್ಳಲು ಹೋದರೆ ಅದು ಇನ್ನೇನು ಮಾಡೀತು? ಅದಕ್ಕೆ ಬಂದದ್ದು ಹುಚ್ಚಲ್ಲ, ಸಿಟ್ಟು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬಟ್ಟಲಿಗೆ ನೀರು ಹಾಕಿದೆ, ಚಪ್ಪರಿಸಿ ಕುಡಿಯಿತು.

ಆದರೂ ನಿಯಮ ನಿಯಮವೇ. ಕಚ್ಚಿದ ನಾಯಿಯನ್ನು ಕೊಲ್ಲುವಂತಿಲ್ಲ. ಹತ್ತು ದಿನ ಕಟ್ಟಿಹಾಕಿ ನೋಡಬೇಕು, ಹುಚ್ಚಿದ್ದರೆ ಅಷ್ಟರಲ್ಲಿ ಸಾಯುತ್ತದೆ. ಅತ್ತ ಕಚ್ಚಿಸಿಕೊಂಡವರಿಗೆ ದೊಡ್ಡಾಸ್ಪತ್ರೆಯಲ್ಲಿ ಅವತ್ತಿನಿಂದಲೇ ಹೊಕ್ಕಳ ಸುತ್ತ ಚುಚ್ಚುಮದ್ದು, ದಿನಕ್ಕೊಂದರಂತೆ ಹದಿನಾಲ್ಕು. ಉದ್ದ ಸೂಜಿ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ ಊದುತ್ತಿತ್ತು. ಗಟ್ಟಿ ಗಂಡಸರೂ ಅಳುತ್ತಿದ್ದರು. ಐದನೇ ದಿನಕ್ಕೆ ನಾಯಿ ಸ್ವಸ್ಥವಾಗಿದ್ದರೆ ನಾವು ಒಂದು ಚೀಟಿ ಬರೆದು ಕೊಡುತ್ತಿದ್ದೆವು. ಅದನ್ನು ನೋಡಿ ಅಲ್ಲಿನ ಡಾಕ್ಟರು ಸೂಜಿ ನಿಲ್ಲಿಸುತ್ತಿದ್ದರು.

ಜಿಮ್ಮಿಯನ್ನು ಗೂಡಿಗೆ ಹಾಕಿದೆ. ಕೇಸ್ ಪೇಪರಿನಲ್ಲಿ 'ಮಾಲೀಕರು' ಎಂಬಲ್ಲಿ ವೆಂಕಟರಮಣಯ್ಯ ಎಂದು ಬರೆದೆ. 'ಕಚ್ಚಿಸಿಕೊಂಡವರು' ಎಂಬಲ್ಲಿ ಒಂದು ಅಡ್ಡಗೀಟು ಎಳೆದು ಮೇಲಿನದೇ ಎಂದು ಗುರುತು ಹಾಕಿದೆ. ಕೈಗೆ ಸುತ್ತಿದ ಬಟ್ಟೆ ಕಣ್ಣೆದುರಿಗೇ ಇತ್ತಲ್ಲ, ಕೇಳುವುದೇನು? ಆ ಮನುಷ್ಯನ ಜೊತೆ ಒಂದು ಮಾತು ಹೆಚ್ಚಾಡಲೂ ನನಗೆ ಇಷ್ಟವಿರಲಿಲ್ಲ.

ಮಾರನೇ ದಿನದಿಂದ ಅವರು ದಿನಾ ಬೆಳಿಗ್ಗೆ ಬರತೊಡಗಿದರು. ನಾನು ಒಳಗೆ ಕರೆಯಲಿಲ್ಲ. ಹೊರಗೆ ಬಿಸಿಲಲ್ಲಿ ನಿಂತು ಕಿಟಕಿಯಿಂದಲೇ ಕೇಳುತ್ತಿದ್ದರು.

"ನಾಯಿ ಹೇಗಿದೆ ಡಾಕ್ಟ್ರೇ?"

"ಈಗ್ಲೇ ಹೇಳೋಕಾಗಲ್ಲ. ಇವತ್ತಿನ ಸೂಜಿ ಆಯ್ತಾ?"

"ಆಯ್ತು," ಎನ್ನುತ್ತಿದ್ದರು. ಮುಖ ಬಾಡಿ ಹಿಡಿಯಷ್ಟಾಗಿರುತ್ತಿತ್ತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಮಾಡಿದ್ದುಣ್ಣೋ ಮಹಾರಾಯ!

ಐದನೇ ದಿನ ಜಿಮ್ಮಿ ಗೂಡಿನ ಮೂಲೆಯಲ್ಲಿ ಇಲಿ ಹುಡುಕುತ್ತ, ಗೆಲುವಾಗಿ ಬಾಲ ಅಲ್ಲಾಡಿಸುತ್ತಿತ್ತು. ನಮ್ಮ ಹಳೇ ಅಟೆಂಡರ್ ನಂಜಪ್ಪ, "ಸಾರ್, ನಾಯಿ ಗುಂಡುಕಲ್ಲಿನಂಗೈತೆ. ಚೀಟಿ ಬರ್ದು ಕೊಟ್ಬಿಡಿ, ಪಾಪ," ಎಂದ.

ಪೆನ್ನು ತೆಗೆದೆ. ಕಿಟಕಿಯಾಚೆ ಯಜಮಾನರು ನಿಂತಿದ್ದರು. ಓಣಿ ನೆನಪಾಯಿತು, ಅಪ್ಪ ನೆನಪಾದರು. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆ.

"ಇರ್ಲಿ ಬಿಡು ನಂಜಪ್ಪ. ಇನ್ನೂ ಐದು ಬೀಳ್ಲಿ," ಎಂದೆ. ಅವನು ನನ್ನನ್ನೇ ನೋಡಿ, ಪೊರಕೆ ಎತ್ತಿಕೊಂಡು ಹೊರಟುಹೋದ.

ಆರು, ಏಳು, ಎಂಟು, ಒಂಬತ್ತು. ಒಂದೊಂದು ಬೆಳಿಗ್ಗೆಯೂ ನನಗೆ ಹಬ್ಬ.

ಹತ್ತನೇ ದಿನ ಯಜಮಾನರು ಗೇಟಿನಾಚೆಯೇ ನಿಂತರು. ಒಳಗೆ ಬಂದವರು ಸೀತಮ್ಮನವರು. ಗೋಡೆ ಹಿಡಿದು, ಸೊಂಟ ಬಗ್ಗಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಎಡ ಮುಂಗೈಯಲ್ಲಿ ಹಲ್ಲಿನ ಗಾಯ ಒಣಗುತ್ತಿತ್ತು.

"ಅಮ್ಮಾ, ನಾಯಿ ಕಚ್ಚಿದ್ದು ನಿಮ್ಮನ್ನಾ?"

"ಮತ್ತಿನ್ಯಾರನ್ನ? ಅಣ್ಣ ಹೊಡೀತಿದ್ದ, ಸತ್ತೇಹೋಗುತ್ತೆ ಅಂತ ನಾನು ಎತ್ಕೊಳ್ಳೋಕೆ ಹೋದೆ. ಅವನ ಕೈಗೆ ಸೌದೆ ಸಿಬಿರು ಚುಚ್ಚಿತ್ತು, ಅಷ್ಟೇ. ಇವತ್ತು ಹತ್ತನೇ ಸೂಜಿ ಹಾಕಿಸ್ಕೊಂಡು ಬಂದೆ. ನಿಮ್ಮ ಚೀಟಿ ಬಂದಿದ್ರೆ ಐದಕ್ಕೇ ನಿಲ್ಲಿಸಬಹುದಿತ್ತು ಅಂದ್ರು ಅಲ್ಲಿ ಡಾಕ್ಟ್ರು. ನಾಯಿಗೆ ಏನಾದ್ರೂ ಆಗಿತ್ತಾ?"

ರೂಲ್ಸು, ರಜೆ, ಮೇಲಧಿಕಾರಿಯ ಸಹಿ, ಹೇಳಲು ನೂರು ಸುಳ್ಳಿದ್ದವು. ಪೊರಕೆ ಹಿಡಿದು ನಿಂತ ನಂಜಪ್ಪನ ಮುಂದೆ ಒಂದೂ ಬಾಯಿಗೆ ಬರಲಿಲ್ಲ.

"ನಾಯಿ ಮೊದಲ್ನೇ ದಿನದಿಂದ್ಲೂ ಚೆನ್ನಾಗಿತ್ತಮ್ಮ. ಸೂಜಿ ನಿಮ್ಮಣ್ಣನ ಹೊಟ್ಟೆಗೆ ಬೀಳ್ತಿದೆ ಅಂದ್ಕೊಂಡು ನಾನೇ ಬರೀಲಿಲ್ಲ."

ಅವರು ಬೆಂಚಿನ ಮೇಲೆ ಮೆಲ್ಲಗೆ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು.

"ಓಣಿಯಿಂದ ಬರೋಕೆ ಹೇಳಿದ್ನಲ್ಲ, ಅದಕ್ಕಾ?" ಎಂದರು.

"ಹೂಂ," ಎಂದೆ.

"ನಿಮ್ಮದು ಎರಡು ತಿಂಗಳ ಸಿಟ್ಟು. ಅವನ ಮೇಲೆ ನನಗೆ ಮೂವತ್ತು ವರ್ಷದ್ದಿದೆ. ಗಂಡ ಸತ್ತು ಆ ಮನೆ ಸೇರಿದ್ಮೇಲೆ ನಾನೂ ಹಿತ್ತಿಲ ಬಾಗಿಲಲ್ಲೇ ಬದುಕಿರೋದು. ಬೇಕಿದ್ರೆ ಅವನ ಎದುರಿಗೆ ನಿಂತು ಬೈದು ಬರಬಹುದಿತ್ತು ನೀವು. ಗಂಡಸು, ಓದಿದೋರು. ಯಾರಿಗೂ ಗೊತ್ತಾಗದ ಹಾಗೆ ಚೀಟಿ ಬಚ್ಚಿಟ್ಕೊಂಡ್ರಲ್ಲ, ಛೆ."

ಆಮೇಲೆ ಬಂದ ಕೆಲಸ ಹೇಳಿದರು. ಅಣ್ಣ ಇನ್ನೂ ಹಟ ಬಿಟ್ಟಿಲ್ಲ, ಹತ್ತು ದಿನ ಆಯ್ತಲ್ಲ, ಇವತ್ತು ಸೂಜಿ ಹಾಕಿ ಕೊಂದುಬಿಡಲಿ ಅನ್ನುತ್ತಿದ್ದಾನೆ. ತಮ್ಮ ಜೊತೆ ಮಾತಾಡೋಕೆ ಆ ಮನೆಯಲ್ಲಿ ಇರುವುದು ಅದೊಂದೇ ಜೀವ. "ಉಳಿಸಿಕೊಡಿ," ಎಂದರು.

ನಾನು ಪೆನ್ನು ತೆಗೆದೆ. ನಾಯಿಗೆ ಹುಚ್ಚಿಲ್ಲ, ಆರೋಗ್ಯವಾಗಿರುವ ಪ್ರಾಣಿಯನ್ನು ಈ ಆಸ್ಪತ್ರೆಯಲ್ಲಿ ಕೊಲ್ಲುವುದಿಲ್ಲ, ಇನ್ನು ಮುಂದೆ ಇದು ಸೀತಮ್ಮನವರ ವಶದಲ್ಲಿರತಕ್ಕದ್ದು ಎಂದು ಬರೆದು, ಸೀಲು ಗುದ್ದಿದೆ. ಕೊನೆಯ ಸಾಲು ಬರೆಯಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಗೇಟಿಗೆ ಹೋಗಿ ಯಜಮಾನರ ಕೈಗೆ ಕೊಟ್ಟೆ. ಮೊದಲ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ:

"ಆವತ್ತು ಹಿಂದಿನ ಓಣಿಯಿಂದ ಬಂದಿದ್ದು ನನ್ನ ತಪ್ಪು. ಗೇಟಿಂದ್ಲೇ ವಾಪಸ್ ಹೋಗಬೇಕಿತ್ತು. ಇನ್ನು ಈ ನಾಯಿಗೆ ಏನಾದ್ರೂ ಆದ್ರೆ ಮುಂದಿನ ಬಾಗಿಲಿಂದ್ಲೇ ಬರ್ತೀನಿ, ತಿಳ್ಕೊಳ್ಳಿ."

ಅವರು ಚೀಟಿಯನ್ನು ಎರಡು ಸಲ ಓದಿದರು. ಸರ್ಕಾರಿ ಸೀಲಿಗೆ ಹೆದರುವ ಜಾತಿ. ಮಡಚಿ ಜೇಬಿಗಿಟ್ಟುಕೊಂಡರು. ಆಟೋದಲ್ಲಿ ಜಿಮ್ಮಿ ಸೀತಮ್ಮನವರ ತೊಡೆಯೇರಲು ಹೋಯಿತು. ಹೊಟ್ಟೆ ನೋವಿಗೆ ಅವರು ಹಾ ಎಂದು ಕೂಗಿದ್ದು ನನಗೆ ಕೇಳಿಸಿತು.

ವೆಂಕಟರಮಣಯ್ಯನವರ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ. ಹೋಗಲಿ ಎಂದು ನಾನು ಬಯಸಿದವನೂ ಅಲ್ಲ. ಆದರೆ ನೆನಪಾದಾಗಲೆಲ್ಲ ಬೈಯಲು ಹೊರಟವನು ಅರ್ಧಕ್ಕೇ ನಿಲ್ಲುತ್ತೇನೆ. ನನ್ನಿಂದ ಅವರ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ನಾನು ಚುಚ್ಚಿಸಿದ ಐದು ಸೂಜಿ ಬಿದ್ದದ್ದು ಬೇರೆಯವರ ಹೊಟ್ಟೆಗೆ.

ಆಮೇಲಿನ ಅಷ್ಟೂ ವರ್ಷದ ನೌಕರಿಯಲ್ಲಿ ಕಚ್ಚಿದ ನಾಯಿ ಯಾವುದೇ ಬರಲಿ, ಯಾರೇ ತರಲಿ, ನಾಯಿಯನ್ನು ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದೆ: "ಕಚ್ಚಿದ್ದು ಯಾರನ್ನ? ಅವರನ್ನ ಕರ್ಕೊಂಡು ಬನ್ನಿ, ನಾನು ನೋಡಬೇಕು."