ಅಕ್ಕನ ತಪಸ್ಸು ಎಂದುಕೊಂಡದ್ದು

ನಮ್ಮ ಮನೆಯ ಸಂವಿಧಾನದಲ್ಲಿ ಬೆಳಗಿಗೆ ಸಂಬಂಧಪಟ್ಟ ಕಲಮುಗಳು ಮೂರು. ಹೊಟ್ಟೆ ಶುದ್ಧಿಯಾಗದೆ ಸ್ನಾನವಿಲ್ಲ, ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ಹನಿ ನೀರೂ ಇಲ್ಲ. ಮಧುಗಿರಿ ಬೆಟ್ಟ ಕದಲಿದರೂ ಇವು ಕದಲುವಂತಿಲ್ಲ. ಈ ಕಾನೂನಿನ ಕಾವಲು ನನ್ನ ಅಕ್ಕನದು. ಭಾವ ತೀರಿಕೊಂಡಾಗಿನಿಂದ ಅವಳು ನಮ್ಮ ಜೊತೆಯಲ್ಲೇ ಇದ್ದಾಳೆ.

ಅವಳ ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿದಾಗ ದೊಡ್ಡ ಆಸ್ಪತ್ರೆಯ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟವಾದ ಮೇಲೆ. ಮೊದಲ ವಾರವೇ ನೋವು ಇಳಿಯಿತು. ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿದಳು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದರು.

"ಮೋಷನ್ ಎಲ್ಲಾ ಸರಿಯಾಗಿದೆಯಾ?"

ಅಕ್ಕ ಸೆರಗು ಹೊದ್ದುಕೊಂಡು ಗೋಡೆ ನೋಡಿದಳು. ತಮ್ಮನ ಎದುರು ಆ ವಿಷಯ ಎತ್ತುವವಳಲ್ಲ ಅವಳು. ವಂಶದ ಮಾನ ಕಾಯುವ ಘನಕಾರ್ಯ ನನ್ನ ಹೆಗಲೇರಿತು. "ಎಲ್ಲಾ ಸರಿಯಾಗಿದೆ ಸಾರ್" ಎಂದು ನಾನೇ ಹೇಳಿಬಿಟ್ಟೆ. ನನಗೇನು ಗೊತ್ತಿತ್ತು? ಮಣ್ಣು.

ಆಮೇಲೆ ಅಕ್ಕನ ಪೂಜೆ ತಡವಾಗತೊಡಗಿತು. ಮೊದಲು ಹತ್ತು ಗಂಟೆ, ಆಮೇಲೆ ಮಧ್ಯಾಹ್ನ, ಕೊನೆಕೊನೆಗೆ ದೀಪ ಹಚ್ಚುವ ಹೊತ್ತು.

"ಯಾಕಕ್ಕಾ, ಇನ್ನೂ ಒಂದ್ ತುತ್ತೂ ತಿಂದಿಲ್ವಲ್ಲ?"

"ಪೂಜೆ ಆಗಿಲ್ಲ ಕಣೋ. ಸುಮ್ಕಿರು."

ಪಕ್ಕದ ಮನೆಯಾಕೆ ಬಂದು ಕೆನ್ನೆ ಕೆನ್ನೆ ಬಡಿದುಕೊಂಡಳು. "ಏನ್ ಭಕ್ತಿ ಕಣಮ್ಮ! ಇಂಥಾ ನೋವಲ್ಲೂ ಉಪಾಸ ಇದ್ಕಂಡು ಶಿವನ್ನ ಬುಡಲ್ಲ ಅಂತೀರಲ್ಲ!" ಆ ಭಕ್ತಿಗೆ ಬಂಡವಾಳ ಹಾಕಿದವನಂತೆ ನಾನೂ ತಲೆದೂಗಿದೆ.

ಊಟವಿಲ್ಲ, ಹಾಗಾಗಿ ಬೆಳಗಿನ ಮಾತ್ರೆಯೂ ಇಲ್ಲ. ಊಟವಾದ ಮೇಲೆ ಎಂದು ಬರೆದಿತ್ತಲ್ಲ! ನೋವು ಬಡ್ಡಿಸಮೇತ ವಾಪಸು ಬಂತು. ಅವಳು ಮಂಚದ ಕಂಬ ಹಿಡಿದು ಹಲ್ಲು ಕಚ್ಚುವುದನ್ನು ನಾವೆಲ್ಲ ತಪಸ್ಸು ಎಂದುಕೊಂಡು ಸದ್ದು ಮಾಡದೆ ಓಡಾಡಿದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಮನೆಗೆ ಬಂದು ನೋಡಿಹೋಗುವ ನರ್ಸಮ್ಮ ಪಾವಗಡದ ಕಡೆಯವಳು. ಅಕ್ಕನ ಹೊಟ್ಟೆ ಒತ್ತಿ ನೋಡಿದವಳೇ ಓಣಿಗೆಲ್ಲ ಕೇಳುವಂತೆ ಕೇಳಿದಳು. "ಏನಮ್ಮೋ, ಕಕ್ಕಸ್ಸಿಗೆ ಹೋಗಿ ಎಷ್ಟ್ ದಿನ ಆಯ್ತು?"

"ಮೊದ್ಲು ಅವನ್ನ ಆಚೆ ಕಳ್ಸು."

"ಇರ್ಲಿ ಬುಡಮ್ಮ, ಅವ್ರೂ ಕಲೀಲಿ. ಹೇಳು."

"ಎಂಟು," ಎಂದಳು ಅಕ್ಕ, ಗೋಡೆಗೆ. ದಿನವಿಡೀ ಕಾದು, ಹೊಟ್ಟೆ ಕದಲದಿದ್ದರೆ ಸಂಜೆ ಶಿವನಿಗೆ ತಪ್ಪೊಪ್ಪಿಸಿ ಸ್ನಾನ, ಪೂಜೆ ಮುಗಿಸುತ್ತಿದ್ದಳಂತೆ.

ದಿಂಬಿನ ಕೆಳಗೆ ಇಸಬ್‌ಗೋಲಿನ ಪೊಟ್ಟಣ ಸಿಕ್ಕಿತು. ಹೊಟ್ಟೆ ಕಟ್ಟಿದೆಯೆಂದು ಅಕ್ಕ ಆಮೇಲೆ ಗುಟ್ಟಾಗಿ ಹೇಳಿದ್ದಕ್ಕೆ ಪಕ್ಕದ ಮನೆಯಾಕೆ ಕೊಟ್ಟ ಗುಪ್ತದಾನ. ನರ್ಸಮ್ಮ ಅದನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಹಗಲೆಲ್ಲ ನೀರು ಕುಡಿಯಾಕಿಲ್ಲ, ಮೇಲೆ ಈ ಹೊಟ್ಟು! ಒಳಗೆ ಗೋಡೆ ಕಟ್ದಂಗೆ ಕೂತ್ಕಂತದೆ. ನೋವಿನ ಮಾತ್ರೆ ಕರುಳ್ನ ಮಲಗಿಸ್ತದೆ ಸಾಮಿ. ಅದನ್ನ ಎಬ್ಸೋ ಮಾತ್ರೆ ಮೊದಲ್ನೇ ದಿನದಿಂದ್ಲೇ ಕೊಡ್ಬೇಕಿತ್ತು. ಎಲ್ಲಿ, ಚೀಟಿ ತೋರ್ಸಿ."

ಚೀಟಿಯಲ್ಲಿ ಇರಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆವು.

"ಓ, ಅದು ಕಾಮನ್. ನಾನು ಬರೆದಿರಲಿಲ್ವಾ?"

ಕಾಮನ್ ಅಂತೆ! ಹೆಸರು, ವಯಸ್ಸು, ತೂಕ, ಗಂಡನ ಹೆಸರು, ಮೊಬೈಲ್ ನಂಬರು, ಎಲ್ಲಕ್ಕೂ ಜಾಗವಿದ್ದ ಕಾಗದದಲ್ಲಿ ಎಲ್ಲರಿಗೂ ಆಗುವ ಈ ಸಂಕಟಕ್ಕೆ ಮಾತ್ರ ಒಂದು ಸಾಲಿನ ಜಾಗ ಸಿಗಲಿಲ್ಲ. ಮಹಾನುಭಾವರನ್ನು ಬೈಯಬೇಕೆಂದು ಬಾಯಿ ತೆರೆದೆ. ಎಲ್ಲಾ ಸರಿಯಾಗಿದೆ ಅಂದಿದ್ದೂ ಅದೇ ಬಾಯಿ. ಮುಚ್ಚಿಕೊಂಡೆ. ಇವತ್ತಿಗೂ ಆ ಸಿಟ್ಟನ್ನು ಯಾರ ಮೇಲೆ ಎಷ್ಟೆಷ್ಟು ಸುರಿಯಬೇಕೆಂದು ಗೊತ್ತಾಗದೆ ಒಬ್ಬನೇ ಕುದಿಯುತ್ತೇನೆ.

ಡಾಕ್ಟರು ಹೇಳಿದಂತೆ ನರ್ಸಮ್ಮ ಅಂದೇ ಎನಿಮಾ ಕೊಟ್ಟಳು. ಕರುಳು ಎಬ್ಬಿಸುವ ಮಾತ್ರೆ ದಿನಾ ರಾತ್ರಿ ಶುರುವಾಯಿತು. ಮೂರನೆಯ ಬೆಳಿಗ್ಗೆ ಏಳಕ್ಕೆಲ್ಲ ಅಕ್ಕನ ಸ್ನಾನ, ಪೂಜೆ ಎರಡೂ ಮುಗಿದಿದ್ದವು. ರಾಗಿರೊಟ್ಟಿ ತಿಂದು ಮಾತ್ರೆ ನುಂಗಿದಳು. ಹತ್ತರ ಹೊತ್ತಿಗೆ ನೋವು ಇಳಿದು ಮುಖಕ್ಕೆ ಕಳೆ ಬಂತು. ನನ್ನನ್ನು ಕರೆದಳು. ಆಶೀರ್ವಾದವಿರಬಹುದೆಂದು ಹತ್ತಿರ ಹೋದೆ.

"ನಿನ್ ಮರ್ವಾದೆ ಉಳಿಯಾಕೆ ನನ್ ಬೆನ್ನು ಬೇಯ್ಬೇಕಿತ್ತೇನ್ಲಾ? ಇನ್ಮೇಲೆ ಆಸ್ಪತ್ರೇಲಿ ನೀನು ಆಚೆ ಬೆಂಚಿನ್ ಮೇಲೆ ಕುಂತ್ಕಾ."

ಕೂರುತ್ತಿದ್ದೇನೆ. ಒಳಗೆ ಅಕ್ಕ ತನ್ನ ಹೊಟ್ಟೆಯ ವರದಿಯನ್ನು ತಾನೇ ಒಪ್ಪಿಸುತ್ತಾಳೆ, ಬಾಗಿಲು ಹಾಕಿದ್ದರೂ ಬೆಂಚಿನ ತುದಿಯವರೆಗೆ ಕೇಳುವಂತೆ.